ಗೆದ್ದಲದೊಡ್ಡಿಯ ಸುದ್ದಿಯಾಳು ವೆಂಕಪ್ಪ

ಯಾದಗಿರಿ ಸ್ಟೇಷನ್ನಿನ ಪಾರ್ಸಲ್ ಕೋಣೆಯಲ್ಲಿ ನನ್ನದು ದಿನಗೂಲಿ. ಶೇಂಗಾ ಚೀಲ, ಮೆಣಸಿನಕಾಯಿ ಮೂಟೆ, ಒಮ್ಮೊಮ್ಮೆ ಬುಟ್ಟಿಯೊಳಗೇ ಜಗಳಾಡುವ ಕೋಳಿಗಳು, ಇವಕ್ಕೆಲ್ಲ ಅಂಟು ಹಚ್ಚಿ ಚೀಟಿ ಮೆತ್ತುವುದು ಕೆಲಸ. ಊರಿಗೆ ಹೋದಾಗ ಮಾತ್ರ ನಾನು ರೈಲ್ವೆದಾಗ ಇದ್ದವ. ಸ್ಟೇಷನ್ ಮಾಸ್ತರರು ನನ್ನನ್ನೊಂದು ಮಾತು ಕೇಳದೆ ಗಾಡಿ ಬಿಡುವುದಿಲ್ಲ ಎಂಬರ್ಥ ಬರುವ ಹಾಗೆ ಒಂದೆರಡು ಸಲ ಕಟ್ಟೆಯ ಮೇಲೆ ಕೂತು ಮಾತಾಡಿದ್ದೂ ಉಂಟು. ಮಾಸ್ತರರಿಗೆ ಭಗವಂತ ಎಂಬ ನನ್ನ ಹೆಸರೇ ಗೊತ್ತಿಲ್ಲ. 'ಏ ಅಂಟು' ಎಂದು ಕರೆಯುತ್ತಾರೆ, ನಾನು ಓಡಿ ಹೋಗುತ್ತೇನೆ.

ಹೋದ ವರ್ಷ ಚಳಿಗಾಲದ ಒಂದು ಮುಂಜಾನೆ ಮೊಣಕೈವರೆಗೆ ಅಂಟು ಮಾಡಿಕೊಂಡು ಕೂತಿದ್ದೆ. ಬಾಗಿಲಲ್ಲಿ ವೆಂಕಪ್ಪ ಕಾಣಿಸಿದ. ನಮ್ಮೂರು ಗೆದ್ದಲದೊಡ್ಡಿಯ ವೆಂಕಪ್ಪ.

"ನಮ್ಮವ್ವನಾ?" ಎಂದೆ. ಅವನು ಬಾಯಿ ತೆರೆಯುವ ಮೊದಲೇ ನನಗೆ ಅಳು ಬಂದಿತ್ತು. ಕಣ್ಣೊರೆಸಿಕೊಳ್ಳಲು ಹೋಗಿ ರೆಪ್ಪೆಗೆಲ್ಲ ಅಂಟು.

"ಲೇ ಭಗವಂತ, ಅಳಬ್ಯಾಡೋ. ನಿಮ್ಮವ್ವ ಗಟ್ಟಿ ಅದಾಳ. ನಿನ್ನಿ ನಾ ಹೊಂಡುವಾಗ ಸುದ್ದಾ ಬೈದು ಕಳಿಸ್ಯಾಳ."

"ಮತ್ತ ಯಾರು?"

"ಯಾರೂ ಸತ್ತಿಲ್ಲಪಾ."

ನಾನು ನಂಬಲಿಲ್ಲ. ವೆಂಕಪ್ಪ ಬಾಗಿಲಿಗೆ ಬಂದು ಯಾರೂ ಸತ್ತಿಲ್ಲ ಎಂದರೆ ನಮ್ಮ ಕಡೆ ಕೂಸೂ ನಂಬುವುದಿಲ್ಲ.

ಅವನು ನಮ್ಮೂರ ಸುದ್ದಿಯಾಳು. ಊರಲ್ಲಿ ಯಾರಾದರೂ ತೀರಿಕೊಂಡರೆ ಪರವೂರ ಬೀಗರಿಗೆ, ಕೊಟ್ಟ ಹೆಣ್ಣುಮಕ್ಕಳಿಗೆ ಹೋಗಿ ತಿಳಿಸುವುದು ಅವನ ಮನೆತನಕ್ಕೆ ಬಂದ ಕೆಲಸ. ಅಪ್ಪ ಮಾಡಿದ್ದ, ಅಜ್ಜ ಮಾಡಿದ್ದ. ಮದುವೆಯ ಕರೆ ಒಯ್ಯುವವರು ಬೇರೆ. ಅವರಿಗೆ ಹೋದಲ್ಲೆಲ್ಲ ಹೋಳಿಗೆ ಊಟ. ವೆಂಕಪ್ಪನಿಗೆ ಸುಗ್ಗಿಯಲ್ಲಿ ಮನೆಗಿಷ್ಟು ಜೋಳ, ಅಷ್ಟೆ. ಕೆಲಸಕ್ಕೆ ಕಟ್ಟಳೆಗಳಿದ್ದವು. ಸುದ್ದಿ ಹೇಳುವ ಮನೆಯ ಹೊಸ್ತಿಲು ದಾಟಬಾರದು. ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದಿರಬೇಕು. ಅಲ್ಲಿ ಕೂಡಬಾರದು, ನೀರು ಕುಡಿಯಬಾರದು, ತುತ್ತು ಮುಟ್ಟಬಾರದು. ಸತ್ತರು ಎಂಬ ಮಾತನ್ನಂತೂ ಆಡಲೇಬಾರದು. 'ಆರಾಮಿಲ್ಲ, ಕರಕೊಂಡು ಬಾ ಅಂದಾರ' ಎನ್ನಬೇಕು. ಅಷ್ಟಕ್ಕೆ ಒಳಗಿನ ಹೆಂಗಸರು ಒಲೆಗೆ ನೀರು ಸುರಿದು ಗೋಳಿಡುತ್ತಿದ್ದರು. ಹೆಣ್ಣುಮಗಳು ದಾರಿಯುದ್ದಕ್ಕೂ ಎದೆ ಬಡಿದುಕೊಂಡು ಬರಬಾರದೆಂದು ಹಿರಿಯರು ಮಾಡಿದ ಏರ್ಪಾಡಂತೆ ಇದು. ಎಲ್ಲರಿಗೂ ಅದರ ಅರ್ಥ ಗೊತ್ತಿದ್ದರಿಂದ ಎಲ್ಲರೂ ದಾರಿಯುದ್ದಕ್ಕೂ ಎದೆ ಬಡಿದುಕೊಂಡೇ ಬರುತ್ತಿದ್ದರು.

ಹಾಗಾದರೆ ನಿಜಕ್ಕೂ ಆರಾಮಿಲ್ಲದಿದ್ದರೆ? ಅದಕ್ಕೆ ವೆಂಕಪ್ಪ ಬೇಕಿರಲಿಲ್ಲ. ಹೆಣ್ಣು ಕೊಡುತ್ತಿದ್ದುದು ಕಕ್ಕೇರಿ, ಹುಣಸಗಿ, ಬಹಳವಾದರೆ ಕೆಂಭಾವಿ. ಅಣ್ಣನೋ ತಮ್ಮನೋ ಬುತ್ತಿ ಕಟ್ಟಿಕೊಂಡು ತಾನೇ ಹೋಗಿ ಕರೆತರುತ್ತಿದ್ದ. ಅಣ್ಣ ಬಂದರೆ ಜಡ್ಡು, ವೆಂಕಪ್ಪ ಬಂದರೆ ಸಾವು. ಕೂಸುಗಳಿಗೂ ತಿಳಿಯುವ ಲೆಕ್ಕ.

ಬಾಗಿಲುಗಳಿಂದ ದೂರ ಇದ್ದಾಗ ವೆಂಕಪ್ಪನಷ್ಟು ಹಗುರ ಮನುಷ್ಯ ಇನ್ನೊಬ್ಬನಿರಲಿಲ್ಲ. ಉದ್ದ ಕಾಲು, ಬಾಯಿತುಂಬ ಮಾತು, ಬೆಲ್ಲದ ಚಹಾ ಎಂದರೆ ಪ್ರಾಣ. ಹೆಂಡತಿ ಹಣಮವ್ವ ತವರಿಗೆ ಹೋದಾಗ ಕರೆತರಲು ತಾನು ಹೋಗುವಂತಿಲ್ಲ ಎಂಬುದೊಂದೇ ಅವನ ದೂರು. ಮೊದಲ ಸಲ ಹೋದಾಗ ಅತ್ತೆಮನೆಯ ಓಣಿಯೆಲ್ಲ ಅಳಲು ಶುರುಮಾಡಿತ್ತಂತೆ. "ಅಲ್ಲಿ ಅಳು ನಿಲ್ಲಿಸೂತನಕ ಹೊತ್ತು ಮುಳುಗಿತು, ಹೋಳಿಗಿ ಆರಿ ಹೋದ್ವು" ಎಂದು ನಗುತ್ತಿದ್ದ. ಆಮೇಲೆ ಊರ ಹೊರಗಿನ ಬಾವಿಯ ಹತ್ತಿರವೇ ಕೂತು, ನೀರಿಗೆ ಬಂದವರ ಕೈಲಿ ಹೇಳಿ ಕಳಿಸುತ್ತಿದ್ದ. ಹಣಮವ್ವ ಬೇಗ ತೀರಿಕೊಂಡಳು. ಅವಳ ತವರಿಗೆ ಆ ಸುದ್ದಿ ಒಯ್ದವನೂ ಅವನೇ. ಅದನ್ನು ಹೇಳುವಾಗ ಮಾತ್ರ ನಗುತ್ತಿರಲಿಲ್ಲ.

ಇದೆಲ್ಲ ಜನ ಇದ್ದಲ್ಲಿ ಇದ್ದ ಕಾಲದ ಮಾತು. ಗದ್ದಲದ ವರ್ಷ ಬಂತು. ನಿಜಾಮರ ರಾಜ್ಯ ಉಳಿಯುತ್ತದೋ ಇಲ್ಲವೋ ಎಂಬ ಆ ದಿನಗಳಲ್ಲಿ ನಮ್ಮ ಕಡೆಯ ಎಷ್ಟೋ ಸಂಸಾರಗಳು ಎತ್ತು, ಮಕ್ಕಳು, ಕಾಳು ಕಟ್ಟಿಕೊಂಡು ಪಡುವಣಕ್ಕೆ, ತಾಳಿಕೋಟಿಯ ಕಡೆಯ ಮುಂಬೈ ಸೀಮೆಗೆ ದಾಟಿದವು. ಅಲ್ಲಿನ ಬಯಲಲ್ಲಿ ಚಾಪೆ ಕಟ್ಟಿಕೊಂಡು ಕೂತವರಿಗೆ ವಾಂತಿಭೇದಿ ಹತ್ತಿತು. ಮಿಲಿಟರಿ ಬಂದು ನಿಜಾಮರ ಆಳ್ವಿಕೆ ಮುಗಿದ ಮೇಲೆ ಅವರು ತಿರುಗಿ ಬಂದರು. ಆಗ ಮೂಡಣಕ್ಕೆ ಹೊರಟವರು ಬೇರೆಯವರು. ನಮ್ಮೂರ ಹಜರಾಬೀಯ ಸಂಸಾರ ಒಂದು ಬೆಳಗ್ಗೆ ಮನೆಗೆ ಕೀಲಿ ಹಾಕಿ ಹೈದರಾಬಾದು ಸೇರಿತು. ವೆಂಕಪ್ಪ ಎರಡೂ ದಿಕ್ಕಿಗೆ ನಡೆದ. ಊರಲ್ಲಿ ಸತ್ತವರ ಸುದ್ದಿ ಬಯಲಿಗೆ, ಬಯಲಲ್ಲಿ ಸತ್ತವರ ಸುದ್ದಿ ಊರಿಗೆ. ಹಜರಾಬೀಯ ತಮ್ಮ ಇಲ್ಲಿ ತೀರಿಕೊಂಡಾಗ ಹೈದರಾಬಾದಿನ ಗಲ್ಲಿ ಗಲ್ಲಿ ಅಲೆದು ಅವಳ ಬಾಗಿಲು ಹುಡುಕಿ ರುಮಾಲು ಬಿಚ್ಚಿ ನಿಂತ. ಅವಳು, "ಇಷ್ಟು ದೂರ ಬಂದ್ರೂ ಬಿಡಲಿಲ್ಲಲ್ಲೋ ನೀ" ಎಂದು ಅಲ್ಲೇ ಕುಸಿದಳಂತೆ.

ಆಮೇಲೆ ಗಡಿಯ ಸುಂಕದ ನಾಕಾಗಳನ್ನು ತೆಗೆದರು. ನಿಜಾಮರ ಹಾಲಿ ರೂಪಾಯಿ ಹೋಗಿ ದಿಲ್ಲಿ ಸರ್ಕಾರದ ಕಲ್ದಾರ್ ಬಂತು. ಮುಕಾದಮರು ಬಂದು ಕೂಲಿಗೆ ಜನ ಕೂಡಿಸತೊಡಗಿದರು. ಮೊದಲು ಹೊಸಪೇಟೆಯ ಅಣೆಕಟ್ಟಿಗೆ, ಆಮೇಲೆ ಮುಂಬೈಗೆ. ಒಳ್ಳೆ ಬೆಳೆ ಬಂದ ವರ್ಷವೂ ಜನ ಹೋದರು. ಹಿಂದೆ ಅವರಿಗೆ ಊರು ಬಿಡುವುದೆಂದರೇನೆಂದೇ ಗೊತ್ತಿರಲಿಲ್ಲ. ಜೀವ ಉಳಿಸಿಕೊಳ್ಳಲು ಒಮ್ಮೆ ಓಡಿದ ಮೇಲೆ, ಊರಿಲ್ಲದೆಯೂ ಬದುಕಬಹುದು ಎಂಬುದು ಕಾಲಿಗೆ ತಿಳಿದುಬಿಟ್ಟಿತು. ಈ ಸೀಮೆ ಮುಂದೆ ಯಾವ ರಾಜ್ಯಕ್ಕೆ ಸೇರಬೇಕೆಂದು ಪತ್ರಿಕೆಯವರು ಈಗಲೂ ವಾದ ಮಾಡುತ್ತಿದ್ದಾರೆ. ಜನ ಆಗಲೇ ಮುಂಬೈಗೆ ಸೇರಿಯಾಗಿದೆ.

ಗುರುಲಿಂಗಮ್ಮನ ಮಕ್ಕಳೂ ಹಾಗೇ ಹೋದವರು. ಮಗ ಅಯ್ಯಣ್ಣ ಅಣೆಕಟ್ಟಿಗೆ ಹೋದವನು ಅಲ್ಲಿಂದ ಮುಂದೆ ಎಲ್ಲಿಗೆ ಹೋದನೋ ಪತ್ತೆಯಿಲ್ಲ. ಮಗಳು ಮೌನಮ್ಮ ಗಂಡ ದೇವಿಂದ್ರನ ಜೊತೆ ಮುಂಬೈಯಲ್ಲಿ ಗಾರೆ ಹೊರುತ್ತಿದ್ದಳು. ಗುರುಲಿಂಗಮ್ಮ ಮುದುಕಿಯೇನಲ್ಲ. ಹೊಳೆದಂಡೆಯ ತುಂಡು ಹೊಲದಲ್ಲಿ ತಂಗಿ ದೇವಕ್ಕನ ಜೊತೆ ಮೊನ್ನೆ ಮೊನ್ನೆಯವರೆಗೂ ಜೋಳ ಕೊಯ್ದಾಕೆ. ದೀಪಾವಳಿ ಕಳೆದ ಮೇಲೆ ಹೊಟ್ಟೆ ಬಾತು ಮಲಗಿದಳು. ಸುರಪುರದ ಡಾಕ್ಟರು ನೋಡಿ, ಮಕ್ಕಳಿದ್ದರೆ ಕರೆಸಿರಿ ಎಂದರು.

ಮುಂದಿನದನ್ನು ವೆಂಕಪ್ಪ ಪಾರ್ಸಲ್ ಕೋಣೆಯ ಮೂಟೆಯ ಮೇಲೆ ಕೂತು ಹೇಳಿದ. ಅವನು ಕೂತದ್ದು ನೋಡಿದ ಮೇಲೆಯೇ ನನ್ನವ್ವ ಬದುಕಿದ್ದಾಳೆಂದು ನನಗೆ ನಂಬಿಕೆ ಬಂದದ್ದು.

ಊರ ಹಿರಿಯ ಮಲ್ಕಪ್ಪ ತಾರು ಹೊಡೆಯೋಣ ಎಂದರಂತೆ. ದೇವಕ್ಕ ಒಪ್ಪಲಿಲ್ಲ. "ತಾರು ಹೋತಂದ್ರ ಸತ್ತಾಳಂತನ ತಿಳೀತಾರ್ರೀ. ಯಾರರ ಹೋಗಿ ಬಾಯಿಲೆ ಹೇಳಬೇಕು, ಜೀವ ಅದಾಳ, ಲಗೂನ ಬಾ ಅಂತ." ಯಾರು ಹೋಗಬೇಕು? ಎಲ್ಲರೂ ಕಟ್ಟೆಯ ಕಡೆ ನೋಡಿದರು. ಕಟ್ಟೆಯ ಮೇಲಿದ್ದವರು ನಡೆಯಲಾರದವರು. ನಡೆಯಬಲ್ಲವರೆಲ್ಲ ಆಗಲೇ ನಡೆದುಬಿಟ್ಟಿದ್ದರು. ಉಳಿದವನು ವೆಂಕಪ್ಪ.

ಒಳಗೆ ಮಲಗಿದ್ದ ಗುರುಲಿಂಗಮ್ಮನಿಗೆ ಇದು ಕೇಳಿಸಿತು. "ಏ, ಅವನ್ನ ಬ್ಯಾಡ್ರೋ! ನಾ ಇನ್ನಾ ಉಸಿರಾಡಾಕತ್ತೇನಿ. ಅವನ ಮಾರಿ ಕಂಡ್ರ ನನ್ನ ಮಗಳು ಅಲ್ಲೇ ತಲಿ ಮ್ಯಾಲ ನೀರು ಹಾಕ್ಕೊಂತಾಳ."

"ಯಕ್ಕಾ, ಇದೊಂದು ಸರ್ತಿ ಜೀವಂತ ಸುದ್ದಿ ಒಯ್ತೀನಿ," ಎಂದ ವೆಂಕಪ್ಪ ಹೊಸ್ತಿಲ ಹೊರಗಿನಿಂದ. "ನನ್ನ ಬಾಯಿಗೂ ಬ್ಯಾರೆ ರುಚಿ ಸಿಗಲಿ."

ಆಕೆ ನಕ್ಕಳಂತೆ. ಆಮೇಲೆ ಕೈಯ ಬೆಳ್ಳಿ ಕಡಗ ತೆಗೆದುಕೊಟ್ಟಳು. ವರ್ಷಗಟ್ಟಲೆ ಸೋಪು ಹಚ್ಚಿ ಎಳೆದರೂ ಬರದ ಕಡಗ, ಕೈ ಸೊರಗಿದ್ದರಿಂದ ತಾನಾಗಿ ಜಾರಿತು. "ಇದನ್ನ ಆಕಿ ಕೈಯಾಗ ಕೊಡು. ನಾನ ಕೊಟ್ಟೀನಿ ಅನ್ನು. ಸತ್ತಾಕಿ ಕಡಗ ಬಿಚ್ಚಿ ಕೊಡ್ತಾಳೇನು ಅನ್ನು. ಒಮ್ಮಿ ಮಾರಿ ನೋಡಬೇಕು ಆಕೀದು, ಅಷ್ಟ."

ವೆಂಕಪ್ಪ ನನ್ನ ಹತ್ತಿರ ಬಂದದ್ದು ಇದಕ್ಕೆ. ಅವನು ಎಂದೂ ರೈಲು ಹತ್ತಿದವನಲ್ಲ, ಹೈದರಾಬಾದಿಗೂ ನಡೆದೇ ಹೋಗಿದ್ದವ. ನಾನು ರೈಲ್ವೆದವ.

"ಮುಂಬೈ ಗೊತ್ತೇನೋ ನಿನಗ?"

"ನನ್ನ ಅಂಗೈ ಇದ್ದಂಗ ಕಾಕಾ," ಎಂದೆ. ನಾನು ಚೀಟಿ ಮೆತ್ತಿದ ಎಷ್ಟೋ ಮೂಟೆಗಳು ಮುಂಬೈ ಕಂಡಿದ್ದವು. ನಾನು ವಾಡಿ ದಾಟಿದವನಲ್ಲ.

ಗಾಡಿಯಲ್ಲಿ ವೆಂಕಪ್ಪ ಕಿಟಕಿ ಬಿಟ್ಟು ಅಲುಗಲಿಲ್ಲ. ಸೊಲ್ಲಾಪುರ ದಾಟಿದ ಮೇಲೆ ಮಾತು ಅಭ್ಯಾಸ ಮಾಡತೊಡಗಿದ. "ಮೌನವ್ವ, ನಿಮ್ಮವ್ವಗ ಆರಾಮಿಲ್ಲ..." ಎಂದು ನಿಲ್ಲಿಸಿ, "ಥೂ, ಇದು ಸತ್ತಾಂಗ ಆತು," ಎಂದ. "ಮೌನವ್ವ, ನಿಮ್ಮವ್ವ ಛಂದ ಅದಾಳ..." ಇದು ಇನ್ನೂ ಕೆಟ್ಟದಾಗಿ ಕೇಳಿಸಿತು. ನಗುತ್ತ ಹೇಳಿದರೆ ಹೇಗೆ ಎಂದು ನಾನು ಸಲಹೆ ಕೊಟ್ಟೆ. ಬಾಗಿಲಲ್ಲಿ ನಿಂತು ಎಂದೂ ನಕ್ಕು ಗೊತ್ತಿಲ್ಲದವನು ಬಾಯಿ ಅಗಲಿಸಿ ತೋರಿಸಿದ. ಎದುರು ಕೂತಿದ್ದ ಹೆಂಗಸು ಕೂಸನ್ನು ಸೆರಗಿನೊಳಗೆ ಎಳೆದುಕೊಂಡು ಆಚೆಯ ಬೆಂಚಿಗೆ ಹೋದಳು.

ಮುಂಬೈಯಲ್ಲಿ ಇಳಿದ ಮೇಲೆ ನನ್ನ ಅಂಗೈ ಕೆಲಸಕ್ಕೆ ಬರಲಿಲ್ಲ. ಎರಡು ಸಲ ತಪ್ಪು ದಿಕ್ಕಿಗೆ ಹೋದೆವು. ಕಡೆಗೆ ಕಮ್ಮಾರಸಾಲೆಯಂಥ ಗದ್ದಲದ ಬೀದಿಯಲ್ಲಿ ಕಲ್ಲು ಹೊರುತ್ತಿದ್ದ ಒಬ್ಬನ ಬಾಯಿಂದ 'ಹೋಗಲೇ ಹಳಿಗೇಡಿ' ಎಂಬ ಬೈಗುಳ ಕೇಳಿ, ನಮ್ಮವನೇ ಎಂದು ಹಿಡಿದುಕೊಂಡೆ. ಅವನು ದಾರಿ ತೋರಿಸಿದ. ಊರ ಅಂಚಿನಲ್ಲಿ ಹೊಸ ಕಟ್ಟಡಗಳು ಏಳುತ್ತಿದ್ದ ಬಯಲು, ಅದರ ಬದಿಗೆ ಚಾಪೆ ತಗಡಿನ ಜೋಪಡಿಗಳ ಸಾಲು. ಸುರಪುರ, ಶಹಾಪುರ, ಯಾದಗಿರಿ ಕಡೆಯ ಮಂದಿಯೇ ಎಲ್ಲ. ಸಂಜೆ ಹೊತ್ತು. ರೊಟ್ಟಿ ಬಡಿಯುವ ಸದ್ದು, ಮಕ್ಕಳ ಜಗಳ, ಯಾರೋ ಯಾರಿಗೋ ಕೂಗುವುದು. ಗೆದ್ದಲದೊಡ್ಡಿಗಿಂತ ಇದೇ ಹೆಚ್ಚು ಗೆದ್ದಲದೊಡ್ಡಿಯಂತಿತ್ತು.

ವೆಂಕಪ್ಪ ಆ ಸಾಲಿನೊಳಗೆ ಕಾಲಿಟ್ಟ.

ಮೊದಲ ಜೋಪಡಿಯಲ್ಲಿ ರೊಟ್ಟಿಯ ಸದ್ದು ನಿಂತಿತು. ಎರಡನೆಯದರಲ್ಲಿ ನಿಂತಿತು. ಹಾಗೇ ಮುಂದೆ ಮುಂದೆ ನಿಲ್ಲುತ್ತ ಹೋಗಿ ಇಡೀ ಸಾಲು ಸುಮ್ಮನಾಯಿತು. ಗಂಡಸರು ಎದ್ದು ನಿಂತರು. ಹುಣಸಗಿಯ ಒಬ್ಬ ಹೆಂಗಸು, ಯಾರೂ ಏನೂ ಹೇಳುವ ಮೊದಲೇ, ತನ್ನಪ್ಪನ ಹೆಸರು ಹಿಡಿದು ಅಳಲು ಶುರುಮಾಡಿದಳು. ಅವಳನ್ನು ನೋಡಿ ಇನ್ನಿಬ್ಬರು ತಮ್ಮ ತಮ್ಮವರ ಹೆಸರು ಹಿಡಿದರು.

ಆ ಸಾಲಿಗೆ ಹಿರಿಯಳಾದ ಸಾಯಬಮ್ಮ ಮುಂದೆ ಬಂದಳು. "ಯಾರ ಮನೀಗೋ ವೆಂಕಪ್ಪ? ಲಗೂ ಹೇಳಿಬಿಡು. ಎಲ್ಲಾರ ಜೀವ ತಗೀಬ್ಯಾಡ."

"ಯಾರೂ ಸತ್ತಿಲ್ಲ ಯವ್ವಾ. ದೇವರಾಣಿ, ಯಾರೂ ಸತ್ತಿಲ್ಲ. ಮೌನವ್ವನ ಮನಿ ಎಲ್ಲೈತಿ?"

ಉಳಿದ ಹೆಂಗಸರ ಅಳು ಥಟ್ಟನೆ ನಿಂತಿತು. ಮೌನಮ್ಮ ಹಿಟ್ಟಿನ ಕೈಯಲ್ಲೇ ಜೋಪಡಿಯಿಂದ ಹೊರಗೆ ಬಂದಿದ್ದವಳು ಅಲ್ಲೇ ಕೂತಳು.

"ಜೀವ ಅದಾಳ ನಿಮ್ಮವ್ವ," ಎಂದ ವೆಂಕಪ್ಪ. ರೈಲಿನಲ್ಲಿ ಕಲಿತದ್ದೆಲ್ಲ ಮರೆತಿತ್ತು. "ಹೊಟ್ಟಿ ಬಾತಾದ. ನಿನ್ನ ನೋಡಬೇಕಂತಾಳ. ಇವತ್ತ ಹೊಂಡು ತಂಗಿ. ನೋಡು, ತಾನ ಕಡಗ ತೆಗೆದು ಕೊಟ್ಟಾಳ."

ಕಡಗ ಕಂಡದ್ದೇ ಮೌನಮ್ಮ ಚೀರಿದಳು. "ಸಾಯೂತನಕ ಇದು ಬರೂದಿಲ್ಲ ಅಂತಿದ್ಳಲ್ಲೋ ನಮ್ಮವ್ವ! ಹೆಣದ ಕೈಯಿಂದ ಹೆಂಗ ಎಳದ್ರೋ ಕಾಕಾ!"

ನಾನು ಮುಂದೆ ನುಗ್ಗಿದೆ. "ಅಕ್ಕಾ, ಖರೇನ ಜೀವ ಅದಾಳ, ನಾ ಹೇಳಾಕತ್ತೀನಿ."

ಸಾಯಬಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀ ಸ್ಟೇಷನ್ ಮಾಸ್ತರನ ಬಲಗೈ ಅಂತ ಹೇಳ್ಕೊಂಡು ತಿರಗಾವಲ್ಲೇನೋ? ನಿನ್ನ ಮಾತು ಇರಲಿ ಬಿಡು ತಮ್ಮಾ." ನನ್ನ ಕೀರ್ತಿ ನನಗಿಂತ ಮೊದಲೇ ಮುಂಬೈ ಮುಟ್ಟಿತ್ತು.

ವೆಂಕಪ್ಪ ಸುತ್ತಲೂ ನೋಡಿದ. ಆಮೇಲೆ ಅವನು ಮಾಡಿದ್ದನ್ನು ನಾನು ಬೇರೆ ಯಾರ ಬಾಯಿಂದ ಕೇಳಿದ್ದರೂ ನಂಬುತ್ತಿರಲಿಲ್ಲ. ಹೊಸ್ತಿಲು ದಾಟಿ ಜೋಪಡಿಯೊಳಗೆ ಹೋದ. ಒಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ಗಡಿಗೆಯ ನೀರು ಬಗ್ಗಿಸಿಕೊಂಡು ಗಟಗಟ ಕುಡಿದ. ಬುಟ್ಟಿಯ ರೊಟ್ಟಿ ಮುರಿದು ಬಾಯಿಗೆ ತುರುಕಿಕೊಂಡು, "ನೋಡ್ರಿ, ಉಣ್ಣಾಕತ್ತೀನಿ!" ಎಂದು ತುಂಬಿದ ಬಾಯಲ್ಲೇ ಕೂಗಿದ. "ಸುದ್ದಿ ತಂದಾವ ಉಣ್ತಾನೇನು? ಸತ್ತಿದ್ರ ನಾ ಉಣ್ತಿದ್ನೇನು?"

ಅವನಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಗೊತ್ತಿರಲಿಲ್ಲ. ಆದರೆ ಅವರು ಕಂಡದ್ದು ಬೇರೆ. ಸಾವಿನ ಮನೆಯೊಳಗೆ ನುಗ್ಗಿ ರೊಟ್ಟಿ ತಿನ್ನುತ್ತಿರುವ ಸುದ್ದಿಯಾಳು. ಅಷ್ಟರಲ್ಲಿ ಕೆಲಸದಿಂದ ಬಂದ ದೇವಿಂದ್ರ ಹೆಂಡತಿಯ ಅಳು, ನೆಲದ ಮೇಲಿನ ಕಡಗ, ಒಲೆಯ ಮುಂದಿನ ವೆಂಕಪ್ಪ, ಮೂರನ್ನೂ ನೋಡಿ ಒಳಹೋಗಿ ಅವನ ಕೆನ್ನೆಗೆ ಬಾರಿಸಿದ. ರೊಟ್ಟಿ ಚೂರು ಒಲೆಯ ಬೂದಿಗೆ ಬಿತ್ತು.

"ನಮ್ಮ ಅತ್ತಿ ಸತ್ತ ಸುದ್ದಿ ತಂದು ನಮ್ಮ ಮನ್ಯಾಗ ಉಣ್ಣಾಕ ಕುಂತೀಯೇನಲೇ! ಮುಂಬೈದಾಗ ಯಾವ ಕಟ್ಟಳಿನೂ ಇಲ್ಲಂತ ತಿಳದೀಯೇನು?"

ಒಲೆಗೆ ನೀರು ಬಿತ್ತು. ಮೌನಮ್ಮನ ತಲೆಗೂ ಸೂತಕದ ನೀರು ಸುರಿದರು.

ಆಮೇಲಿನದೆಲ್ಲ ಬಹಳ ವಿವೇಕದಿಂದ ನಡೆಯಿತು. ದೇವಿಂದ್ರ ಕೆಟ್ಟ ಮನುಷ್ಯನಲ್ಲ. ಕೋಪ ಇಳಿದ ಮೇಲೆ ನಾಲ್ಕು ಜನರ ನಡುವೆ ಕೂತು ಲೆಕ್ಕ ಹಾಕಿದ. "ಮಣ್ಣಂತೂ ಆಗಿರತೈತಿ. ಈಗ ಓಡಿದ್ರ ಮಾರಿ ಸಿಗೂದಿಲ್ಲ. ಇಲ್ಲೇ ಆಚಿ ಠಾಣೆ ಊರಾಗ ನಮ್ಮಣ್ಣ ಅತ್ತಿಗಿ ಅದಾರ, ಅವರಿಗೆ ಹೇಳಿ ಕಳಸೂಣ. ಎಲ್ಲಾರೂ ಕೂಡಿ ದಿನಕರ್ಮಕ್ಕ ಮುಟ್ಟಿದ್ರ ಆತು." ಸತ್ತವರ ಮನೆಗೆ ಒಬ್ಬಂಟಿಯಾಗಿ ಹೋಗಬಾರದು, ಇದೂ ಕಟ್ಟಳೆ. ಎಲ್ಲರೂ ತಲೆಯಾಡಿಸಿದರು. ಗುರುಲಿಂಗಮ್ಮ ನಿಜವಾಗಿ ಸತ್ತಿದ್ದರೆ ಅವನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಠಾಣೆಯವರು ಬರುವವರೆಗೆ ಕಾದೆವು. ಒಂದು ಹಗಲು ಹೋಯಿತು, ಇನ್ನೊಂದೂ ಹೋಯಿತು. ವೆಂಕಪ್ಪ ಜೋಪಡಿಯ ಹೊರಗೆ ಮಣ್ಣಿನ ಗುಡ್ಡೆಯ ಮೇಲೆ ಕೂತು ಬರುವವರನ್ನೆಲ್ಲ ತಡೆದು ಆಣೆ ಮಾಡುತ್ತಿದ್ದ. ಎರಡನೆಯ ಬೆಳಗ್ಗೆ ನಳದ ಹತ್ತಿರ ಮೌನಮ್ಮ ಒಬ್ಬಳೇ ಸಿಕ್ಕಳು.

"ತಂಗಿ, ನೀ ಒಬ್ಬಾಕೆರ ಬಾ. ಸುಳ್ಳಾದ್ರ ನನ್ನ ಹೊಳಿಗೆ ಒಗಿ."

ಅವಳು ಸಿಟ್ಟು ಮಾಡಲಿಲ್ಲ. "ಕಾಕಾ, ನಮ್ಮಪ್ಪ ಸತ್ತಾಗ ನೀ ಏನಂದಿದ್ದಿ, ನೆಪ್ಪೈತೇನು? ನಾ ಆವಾಗ ಹೊಸದಾಗಿ ಗಂಡನ ಮನೀಗೆ ಹೋದಾಕಿ. ಬರೇ ಆರಾಮಿಲ್ಲ, ಗಾಬರಿ ಆಗಬ್ಯಾಡ ಅಂದಿ. ಎಲ್ಲಾರೂ ಅತ್ರು. ನಾ ಒಬ್ಬಾಕಿ ನಿನ್ನ ನಂಬಿದೆ. ಅಪ್ಪಗ ಸೇರತಾವಂತ ಕೆಂಭಾವಿ ಸಂತ್ಯಾಗ ಬಾರಿಹಣ್ಣು ತಗೊಂಡು, ಉಡ್ಯಾಗ ಹಾಕ್ಕೊಂಡು, ನಕ್ಕೋತ ಬಂದೆ ನಿನ್ನ ಹಿಂದ."

 ಅವಳು ಕೊಡ ಎತ್ತಿಕೊಂಡು ಹೋದಳು.

ಠಾಣೆಯವರು ಬಂದರು, ಹೊರಟೆವು. ಯಾದಗಿರಿಯಲ್ಲಿ ಇಳಿದು, ಶಹಾಪುರದ ಮೇಲೆ ಸುರಪುರ, ಅಲ್ಲಿಂದ ಶೇಂಗಾ ಹೇರಿದ ಲಾರಿಯಲ್ಲಿ ತಿಂಥಣಿ. ಗೆದ್ದಲದೊಡ್ಡಿ ಅಲ್ಲಿಂದ ಹೊಳೆಯ ಬದಿಯ ದಾರಿಯಲ್ಲಿ ಒಂದು ನಡಿಗೆಯಷ್ಟು. ಸಾವಿನ ಊರಿಗೆ ಹೋಗುವ ಮೊದಲು ಮೀಯಬೇಕೆಂದು ಹೆಂಗಸರು ತಿಂಥಣಿ ಗುಡಿಯ ಕೆಳಗಿನ ಹೊಳೆದಂಡೆಗೆ ಇಳಿದರು. ಗಂಡಸರು ನೆರಳು ನೋಡಿ ಕೂತರು. ಅವಸರ ಯಾರಿಗೂ ಇರಲಿಲ್ಲ.

"ಜೀವ ಇದ್ರೂ ಇರಬೇಕು," ಎಂದ ವೆಂಕಪ್ಪ ನನಗೊಬ್ಬನಿಗೇ ಕೇಳುವಂತೆ. ಓಡಿದ.

ನಾನೂ ಹಿಂದೆ ಓಡಿದೆ. ಮುಂಬೈಗೆ ಹೋಗಿ ಬಂದ ಗುರುತಿಗೆಂದು ಅಲ್ಲಿನ ಬೀದಿಯಲ್ಲಿ ಒಂದು ಜೊತೆ ಬೂಟು ಕೊಂಡಿದ್ದೆ. ಊರು ಕಾಣುವಷ್ಟರಲ್ಲಿ ಅವು ನನ್ನ ಹಿಮ್ಮಡಿಯ ಚರ್ಮ ತಿಂದಿದ್ದವು. ಬೂಟು ಕೈಯಲ್ಲಿ ಹಿಡಿದುಕೊಂಡು ಕುಂಟುತ್ತ ಗುರುಲಿಂಗಮ್ಮನ ಮನೆ ಮುಟ್ಟಿದಾಗ ವೆಂಕಪ್ಪ ಆಗಲೇ ಬಾಗಿಲಲ್ಲಿದ್ದ.

ಗುರುಲಿಂಗಮ್ಮ ಬದುಕಿದ್ದಳು. ಪಡಸಾಲೆಯಲ್ಲಿ, ಬಾಗಿಲ ಕಡೆ ಮುಖ ಮಾಡಿ ಮಲಗಿಸಿದ್ದರು. ದೇವಕ್ಕ ತಲೆಯ ಹತ್ತಿರ ಕೂತು ತುಟಿಗೆ ನೀರು ಹಚ್ಚುತ್ತಿದ್ದಳು. ಯಾರಾದರೂ ಹಾದು ಹೋದ ಸದ್ದಾದರೆ ಕಣ್ಣು ತೆರೆಯುತ್ತಾಳೆ, ಮಗಳಲ್ಲವೆಂದು ಮುಚ್ಚುತ್ತಾಳೆ, ನಾಲ್ಕು ದಿನದಿಂದ ಇದೇ ಆಗಿದೆ ಎಂದು ಆಮೇಲೆ ದೇವಕ್ಕ ಹೇಳಿದಳು.

ವೆಂಕಪ್ಪ ಓಡಿ ಬಂದಿದ್ದ. ಬೆವರು ಸುರಿಯುತ್ತಿತ್ತು. ಮುಖ ಒರೆಸಲು ರುಮಾಲು ಬಿಚ್ಚಿದ್ದ, ಅದು ಕೈಯಲ್ಲೇ ಇತ್ತು. ಮುಂಬೈಯಲ್ಲಿ ಅಷ್ಟು ನೆನಪಿಟ್ಟು ಹೊಸ್ತಿಲು ದಾಟಿದವನು ಇಲ್ಲಿ ಹಳೆಯ ರೂಢಿಗೆ ಹೊರಗೇ ನಿಂತುಬಿಟ್ಟ. ಒಬ್ಬನೇ. ಬರಿದಲೆಯಲ್ಲಿ.

"ಬರಾಕತ್ತಾಳ ಯಕ್ಕಾ, ಮೌನವ್ವ ಬರಾಕತ್ತಾಳ," ಎಂದ ಏದುಸಿರಿನಲ್ಲಿ. "ಗಾಬರಿ ಆಗಬ್ಯಾಡ."

ಗುರುಲಿಂಗಮ್ಮ ಅವನ ತಲೆ ನೋಡಿದಳು. ಕೈಯೊಳಗಿನ ರುಮಾಲು ನೋಡಿದಳು. ಅವನ ಹಿಂದೆ ಯಾರೂ ಇಲ್ಲದ್ದನ್ನು ನೋಡಿದಳು.

"ನನ್ನ ಮಗಳು ಹ್ವಾದ್ಳು," ಎಂದಳು.

ದೇವಕ್ಕ ಅವಳ ಕಿವಿಗೆ ಬಾಯಿಟ್ಟು, "ಇಲ್ಲ ಯಕ್ಕಾ, ಬರಾಕತ್ತಾಳಂತ!" ಎಂದು ಕೂಗಿದಳು. "ನೀನೂ ಹಂಗ ಅನ್ನು," ಎಂದಳು ಗುರುಲಿಂಗಮ್ಮ. ವೆಂಕಪ್ಪ ರುಮಾಲು ಒಗೆದು ಒಳಗೆ ಹೋದ, ಅವಳ ಪಕ್ಕ ಕೂತ, ಕೂತೇ ಇದ್ದೀನಿ ನೋಡು ಎಂದ. ಅವಳು ಗೋಡೆಯ ಕಡೆ ಹೊರಳಿದಳು. ನಾನು ಬೂಟು ಹಿಡಿದುಕೊಂಡು ಹೊರಗೆ ಓಡಿದೆ, ಹೊಳೆಯ ಕಡೆಗೆ, ಅವರನ್ನು ಬೇಗ ಕರೆತರಲು. ಓಣಿಯ ಕೊನೆಗೂ ಮುಟ್ಟಲಿಲ್ಲ. ಅವರು ಬಂದುಬಿಟ್ಟಿದ್ದರು. ಸಾವಿನ ಮನೆಗೆ ಬರುವ ಹೆಂಗಸರು ಓಣಿಯ ಬಾಯಿಂದಲೇ ದನಿ ಎತ್ತಬೇಕು. ಮೌನಮ್ಮ ಹಸಿ ಸೀರೆಯಲ್ಲಿ, ಒಂದು ಕೈ ಮೇಲೆತ್ತಿ, ಇನ್ನೊಂದರಿಂದ ಠಾಣೆಯ ನೆಗೆಣ್ಣಿಯ ಹೆಗಲು ಹಿಡಿದು, ಹಾಡಿ ಹಾಡಿ ಅಳುತ್ತ ಬರುತ್ತಿದ್ದಳು.

"ಸುಮ್ಮನಿರ್ರೀ! ಜೀವ ಅದಾಳ!" ಎಂದು ನಾನು ಕೂಗಿದ್ದು ಆ ಅಳುವಿನೊಳಗೆ ಯಾರಿಗೂ ಕೇಳಲಿಲ್ಲ.

ಮನೆಯೊಳಗೆ ಅಳು ಮಾತ್ರ ಚೆನ್ನಾಗಿ ಕೇಳಿಸಿತ್ತು. "ಹೆಣ ತಂದ್ರೇನು?" ಎಂದು ಕೇಳಿದಳಂತೆ ಗುರುಲಿಂಗಮ್ಮ. ಅದೇ ಅವಳ ಕೊನೆಯ ಮಾತು.

ಮೌನಮ್ಮ ಒಳಗೆ ಬಂದು ತಾಯಿಯ ಮೇಲೆ ಬಿದ್ದಳು. ಕೈ ಹಿಡಿದಳು. ಹಿಡಿದವಳು ಅಳು ನಿಲ್ಲಿಸಿದಳು. ಕೈ ಬೆಚ್ಚಗಿತ್ತು. ಹಣೆಯನ್ನು ಮುಟ್ಟಿ ನೋಡಿದಳು, ಅಲ್ಲಿ ಬೆವರು ಇನ್ನೂ ಆರಿರಲಿಲ್ಲ. ದೇವಕ್ಕನ ಮುಖ ನೋಡಿದಳು.

"ಈಗ," ಎಂದಳು ದೇವಕ್ಕ. "ಈಗಿನ್ನ, ಯವ್ವಾ."

ದೇವಿಂದ್ರ ಬಾಗಿಲಲ್ಲಿ ನಿಂತು ಗೋಡೆಗೆ ಹಣೆ ಚಚ್ಚಿಕೊಂಡ. ವೆಂಕಪ್ಪ ಹೆಣದ ಪಕ್ಕದಲ್ಲಿ ಕೂತೇ ಇದ್ದ. ಏಳು ಎಂದು ಯಾರೋ ತೋಳು ಹಿಡಿದು ಎಬ್ಬಿಸಿದರು.

ಮಣ್ಣಾಯಿತು, ದಿನಕರ್ಮವೂ ಆಯಿತು. ಮುಂಬೈಗೆ ಮರಳುವ ಮುಂಚೆ ಮೌನಮ್ಮ ಅವನ ಗುಡಿಸಲಿನ ಮುಂದೆ ಹೋಗಿ ನಿಂತಳು. ಈ ಸಲ ಹೊರಗೆ ನಿಂತವಳು ಅವಳು.

"ಕಾಕಾ, ನೀ ಖರೇ ಹೇಳಿದ್ದಿ."

"ಖರೇ ಹೇಳೂದು ನನಗ ರೂಢಿ ಇಲ್ಲ ತಂಗಿ. ನೆಟ್ಟಗ ಹೇಳಾಕ ಬರಲಿಲ್ಲ," ಎಂದ.

ಊರು ಇದನ್ನು ಅಲ್ಲಿಗೆ ಬಿಡಲಿಲ್ಲ. ಅದುವರೆಗೆ ವೆಂಕಪ್ಪ ಸತ್ತ ಮೇಲೆ ಬರುವವನು. ಈಗ, ಅವನು ಬಂದು ನಿಂತದ್ದಕ್ಕೇ ಜೀವ ಹೋಯಿತು ಎಂಬ ಮಾತು ಹುಟ್ಟಿತು. ಬದುಕಿದ್ದಾಕೆ ಅವನ ತಲೆ ನೋಡಿ ಸತ್ತಳಲ್ಲ, ಕಣ್ಣಾರೆ ಕಂಡ ದೇವಕ್ಕನೇ ಇದ್ದಾಳಲ್ಲ. ಮುಂಬೈಯಿಂದ ಬಂದವರು, ಆ ಸಂಜೆ ಅವನು ಸಾಲಿನೊಳಗೆ ನಡೆದಾಗ ಸುಮ್ಮನೆ ಅತ್ತ ಹುಣಸಗಿಯಾಕೆಯ ಅಪ್ಪ ತಿಂಗಳೊಪ್ಪತ್ತಿನಲ್ಲಿ ಸತ್ತನೆಂದು ಹೇಳಿದರು. ಜ್ವರ ಬಂದವರ ಮನೆಯವರು ಅವನು ಹಾಯುವಾಗ ಬಾಗಿಲು ಹಾಕತೊಡಗಿದರು. ಸುಗ್ಗಿ ಬಂತು, ಜೋಳ ಯಾರೂ ಅಳೆಯಲಿಲ್ಲ. ಅಷ್ಟರಲ್ಲಿ ಇಬ್ಬರು ತೀರಿಕೊಂಡರು. ಒಬ್ಬರದಕ್ಕೆ ತಾರು ಹೋಯಿತು. ಇನ್ನೊಬ್ಬರ ಸುದ್ದಿ ಹೋಗಲೇ ಇಲ್ಲ.

ಬೇಸಿಗೆಯ ಮೊದಲಲ್ಲಿ ಅವನು ಗಂಟು ಕಟ್ಟಿಕೊಂಡು ಪಾರ್ಸಲ್ ಕೋಣೆಗೆ ಬಂದ. ಈ ಸಲ ನಾನು ಅಳಲಿಲ್ಲ. ಬೆಲ್ಲದ ಚಹಾ ತರಿಸಿದೆ. ಅವನು ಕುಡಿದು ಲೋಟ ತೊಳೆದಿಟ್ಟ.

ಈ ಸ್ಟೇಷನ್ನಿನಿಂದ ಹೊರಡುವ ನಮ್ಮ ಜನರನ್ನು ನಾನು ದಿನಾ ನೋಡುತ್ತೇನೆ. ಹತ್ತುವ ಮುಂಚೆ ಎಲ್ಲರೂ ಕೇಳುವುದು ಒಂದೇ ಮಾತು: ಅಲ್ಲಿ ನಮ್ಮ ಕಡೆ ಮಂದಿ ಯಾರರ ಅದಾರೇನ್ರಿ? ಅದಾರ ಎಂದರೆ ಸಾಕು, ಊರ ಹೆಸರನ್ನೂ ಕೇಳದೆ ಹತ್ತುತ್ತಾರೆ.

"ಭಗವಂತ," ಎಂದ ವೆಂಕಪ್ಪ. "ನಮ್ಮ ಕಡಿ ಮಂದಿ ಯಾರೂ ಇಲ್ಲದ ಊರು ಯಾವುದೈತಿ?"

ನಾನು ಗೋಡೆಯ ಮೇಲಿನ ನಕಾಶೆ ನೋಡಿದೆ. ಗೊತ್ತಿದ್ದವನ ಹಾಗೆ ಬಹಳ ಹೊತ್ತು ನೋಡಿದೆ. "ಮದ್ರಾಸ್ ಕಡೆ ಹೋಗು ಕಾಕಾ. ಗುಂತಕಲ್ ದಾಟಿದ ಮ್ಯಾಲ ನಮ್ಮವರು ಯಾರೂ ಇಲ್ಲ. ಅಲ್ಲಿ ನಿನ್ನ ಮಾರಿ ಯಾರಿಗೂ ಗೊತ್ತಿಲ್ಲ."

"ಖರೇನು?"

"ಖರೇನ."

ಟಿಕೀಟು ತೆಗೆದುಕೊಟ್ಟೆ. ಗಾಡಿ ಬಂತು. ಹಿಂದಿನ ಡಬ್ಬಿಗೆ ಹುಣಸಗಿ ಕಡೆಯ ಒಂದು ಸಂಸಾರ ಕೂಸು ಕುನ್ನಿ, ಗಡಿಗೆ ಗಂಟು ಸಮೇತ ಹತ್ತುತ್ತಿತ್ತು. ಅವರ ಮುಕಾದಮ ಮದ್ರಾಸ್, ಮದ್ರಾಸ್ ಎಂದು ಕೂಗಿ ಒಬ್ಬೊಬ್ಬರನ್ನೇ ಒಳಗೆ ನೂಕುತ್ತಿದ್ದ. ವೆಂಕಪ್ಪನಿಗೆ ಅವರು ಕಾಣದ ಹಾಗೆ ನಾನು ಅಡ್ಡ ನಿಂತು, ತೋಳು ಹಿಡಿದು ನಡೆಸಿಕೊಂಡು ಹೋಗಿ, ಎಲ್ಲಕ್ಕಿಂತ ಮುಂದಿನ ಡಬ್ಬಿಗೆ ಹತ್ತಿಸಿದೆ.